ಬೀಜದ ಕುದುರೆಗಳ ವಂಶಾವಳಿ: ಒಂದು ತಿದ್ದುಪಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆಸ್ಟ್ರೇಲಿಯಾದ ಭಾರ ಎಳೆಯುವ ಕುದುರೆಗಳ ಕುರಿತು ಪ್ರಕಟವಾದ ಲೇಖನವನ್ನು ಸಂತೋಷದಿಂದ ಓದಿದೆ. ಎತ್ತಿನ ಗಾಡಿಯನ್ನೇ ಕಂಡು ಬೆಳೆದ ನಮ್ಮಂಥವರಿಗೆ 800–900 ಕಿಲೊ ತೂಗುವ, ಮೊಣಕಾಲಿನ ಕೆಳಗೆ ಜೊಂಪೆ ಜೊಂಪೆಯಾಗಿ ಕೂದಲು ಇಳಿಬಿದ್ದ ಕ್ಲೈಡ್ಸ್‌ಡೇಲ್ ಕುದುರೆಯ ಪರಿಚಯ ಮಾಡಿಸಿದ್ದು ಮೆಚ್ಚತಕ್ಕ ಕೆಲಸ. ಆದರೆ ವಸಾಹತಿಗೆ ಬಂದಿಳಿದ ಮೊದಲ ಗಂಡು ಕುದುರೆಗಳಿಂದ ಇಂದಿನವರೆಗೂ ಈ ತಳಿಯ ವಂಶಾವಳಿ ಎಲ್ಲಿಯೂ ಕಡಿಯದೆ, ಕಲಬೆರಕೆಯಿಲ್ಲದೆ ದಾಖಲಾಗುತ್ತ ಬಂದಿದೆ ಎಂದು ಅದರಲ್ಲಿ ಹೇಳಿರುವುದು ಸರಿಯಲ್ಲ. ಮೂವತ್ತು ವರ್ಷ ಪಶುವೈದ್ಯನಾಗಿ ದುಡಿದು, ಈಗ ಬಿಡುವಿನಲ್ಲಿ ಹಳೆಯ ಕುದುರೆ ತಳಿಗಳ ಚರಿತ್ರೆ ಓದುವುದನ್ನೇ ಹವ್ಯಾಸ ಮಾಡಿಕೊಂಡಿರುವ ನನಗೆ ಈ ಮಾತನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಮೊದಲು ಇಸವಿಗಳನ್ನು ನೋಡೋಣ. ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ಹಾರ್ಸ್ ಸೊಸೈಟಿ ಸ್ಥಾಪನೆಯಾದದ್ದು 1877ರಲ್ಲಿ. ಅದರ ಮೊದಲ ಸ್ಟಡ್ ಬುಕ್, ಎಂದರೆ ತಳಿಯ ದಾಖಲೆ ಪುಸ್ತಕ, ಹೊರಬಂದದ್ದು 1878ರಲ್ಲಿ. ಇಂಗ್ಲೆಂಡಿನಲ್ಲಿ ಮುಂದೆ ಷೈರ್ ಎಂಬ ಹೆಸರು ಪಡೆದ ಕುದುರೆಗಳ ಸಂಘವೂ 1878ರದ್ದೇ. ಅದು ‘ಷೈರ್’ ಎಂಬ ಹೆಸರನ್ನು ಇಟ್ಟುಕೊಂಡದ್ದು 1884ರಲ್ಲಿ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಕ್ಲೈಡ್ಸ್‌ಡೇಲ್ ಸಂಘವಾದರೋ 1918ರಲ್ಲಿ ಹುಟ್ಟಿದ್ದು. ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿದ 1851ರಿಂದ ಮುಂದಕ್ಕೆ ಗಣಿಗಳಿಗೆ ಸರಕು, ಬಂದರಿಗೆ ಉಣ್ಣೆ, ಗೋದಿಯ ಹೊಲಕ್ಕೆ ನೇಗಿಲು ಎಳೆಯಲು ದೊಡ್ಡ ಕುದುರೆಗಳಿಗೆ ವಿಪರೀತ ಬೇಡಿಕೆ ಹುಟ್ಟಿ, ಬ್ರಿಟನ್ನಿನಿಂದ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಪಯಣಿಸಿ ಬೀಜದ ಗಂಡುಗಳು ಬಂದಿಳಿಯುತ್ತಿದ್ದ ಆ ಕಾಲು ಶತಮಾನದಲ್ಲಿ, ಅವುಗಳ ವಂಶವನ್ನು ಪರಿಶೀಲಿಸಿ ಮುದ್ರೆ ಒತ್ತುವ ಪುಸ್ತಕ ಕಳಿಸಿದ ದೇಶದಲ್ಲಿಯೂ ಇರಲಿಲ್ಲ, ಬರಮಾಡಿಕೊಂಡ ದೇಶದಲ್ಲಿಯೂ ಇರಲಿಲ್ಲ. ‘ಕ್ಲೈಡ್ಸ್‌ಡೇಲ್’ ಎಂಬ ಹೆಸರೇ ತಳಿಯೊಂದಕ್ಕೆ ಬಳಕೆಯಾದ ಮೊದಲ ದಾಖಲೆ ಸಿಗುವುದು 1826ರ ಗ್ಲಾಸ್ಗೋ ಪ್ರದರ್ಶನದಲ್ಲಿ.

ಹಾಗಾದರೆ 1800ರ ಆಸುಪಾಸಿನ ಕುದುರೆಗಳಿಗೂ ಪುಸ್ತಕದಲ್ಲಿ ಸಂಖ್ಯೆ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಆದರೆ ಅದು ಹಿಂದಿನಿಂದ ಕೊಟ್ಟ ಸಂಖ್ಯೆ. ಇಂದಿನ ಬಹುಪಾಲು ಕ್ಲೈಡ್ಸ್‌ಡೇಲ್‌ಗಳ ಪೂರ್ವಜನಾದ ಗ್ಲಾನ್ಸರ್ 335 ಎಂಬ ಗಂಡು, 1806ರಲ್ಲಿ ಹುಟ್ಟಿದ ‘ಲ್ಯಾಂಪಿಟ್ಸ್’ ಹೆಣ್ಣು ಕುದುರೆಯ ಮಗ. ತಾನು ಬದುಕಿದ್ದಾಗ ಅದಕ್ಕೆ 335 ಎಂಬ ಸಂಖ್ಯೆ ಇರಲಿಲ್ಲ. ಜನ ಅದನ್ನು ಯಜಮಾನನ ಹೆಸರಿನಿಂದ ‘ಥಾಂಪ್ಸನ್ನರ ಕರಿ ಕುದುರೆ’ ಎಂದೂ ಕರೆಯುತ್ತಿದ್ದರು. ಆ ಕಾಲದ ರೂಢಿಯೇ ಅದು. ಇಂಗ್ಲೆಂಡಿನ ಇನ್ನೊಂದು ಭಾರದ ತಳಿಯಾದ ಸಫೋಕ್ ಪಂಚ್‌ನ ಇಂದಿನ ಎಲ್ಲ ಕುದುರೆಗಳ ಗಂಡು ಸಾಲು ಹೋಗಿ ಮುಟ್ಟುವುದು 1768ರಲ್ಲಿ ಹುಟ್ಟಿದ, ‘ಉಫರ್ಡ್ ಊರಿನ ಕ್ರಿಸ್ಪ್‌ನ ಕುದುರೆ’ ಎಂದಷ್ಟೇ ಹೆಸರಾದ ಒಂದು ಗಂಡನ್ನು. ಹರ್ಮನ್ ಬಿಡೆಲ್ ಆ ತಳಿಯ ಪುಸ್ತಕ ತಂದದ್ದು 1880ರಲ್ಲಿ, ಎಂದರೆ ಆ ಕುದುರೆ ಹುಟ್ಟಿದ 112 ವರ್ಷಗಳ ಮೇಲೆ. ಯಜಮಾನನ ಹೆಸರೇ ಕುದುರೆಯ ಹೆಸರಾದ ಮೇಲೆ, ಕುದುರೆ ಕೈ ಬದಲಾದರೆ ಹೆಸರೂ ಬದಲಾಗುತ್ತದೆ. ಒಂದೇ ಗಂಡಿಗೆ ಎರಡು ಹೆಸರು, ಒಂದೇ ಹೆಸರಿಗೆ ಹತ್ತಾರು ಗಂಡುಗಳು. ಚಾಂಪಿಯನ್, ಸ್ಯಾಮ್ಸನ್, ವಂಡರ್ ಎಂಬ ಹೆಸರುಗಳು ನಮ್ಮ ಊರೂರಿನ ಬಸವನಂತೆ ಎಲ್ಲೆಡೆ ಇದ್ದವು; ಅವುಗಳ ಮಕ್ಕಳಿಗೆ ಮುಂದೆ ‘ಯಂಗ್’ ಎಂದು ಸೇರಿಸಿದರೆ ಮುಗಿಯಿತು.

ವಸಾಹತುಗಳಲ್ಲಿ ವಂಶಾವಳಿ ಬದುಕಿದ್ದದ್ದು ಮುಖ್ಯವಾಗಿ ಪತ್ರಿಕೆಯ ಜಾಹೀರಾತಿನಲ್ಲಿ. ದಕ್ಷಿಣಾರ್ಧ ಗೋಳದಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ. ಹಗಲು ದೀರ್ಘವಾಗುತ್ತಿದ್ದಂತೆ ಹೆಣ್ಣು ಕುದುರೆಗಳು ಬೆದೆಗೆ ಬರುತ್ತವೆ, ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೊಮ್ಮೆ ಮತ್ತೆ ಬರುತ್ತವೆ. ಈ ಲೆಕ್ಕ ಬಲ್ಲ ಯಜಮಾನರು ಬೀಜದ ಕುದುರೆಯನ್ನು ಒಬ್ಬ ಆಳಿನ ಕೈಗೆ ಕೊಟ್ಟು, ಇಂತಿಂಥ ವಾರ ಇಂತಿಂಥ ಊರಿನ ಹೋಟೆಲಿನ ಬಳಿ ಎಂದು ನಿಗದಿಮಾಡಿದ ದಾರಿಯಲ್ಲಿ ಸುತ್ತಾಡಿಸುತ್ತಿದ್ದರು; ಅದಕ್ಕೆ ಮುಂಚೆಯೇ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತಿತ್ತು. ಕುದುರೆಯ ಬಣ್ಣ, ಎತ್ತರ, ಮೂಳೆಯ ದಪ್ಪ, ಗೆದ್ದ ಬಹುಮಾನ, ತಂದೆಯ ಹೆಸರು, ತಂದೆಯ ತಂದೆಯ ಹೆಸರು, ಗಿನಿ ಎಂಬ ಹಳೆಯ ಬ್ರಿಟಿಷ್ ಹಣದ ಲೆಕ್ಕದಲ್ಲಿ ಶುಲ್ಕ, ಆಳಿಗೆ ಸಲ್ಲಬೇಕಾದ ಚಿಲ್ಲರೆ, ದೂರದಿಂದ ಬಂದ ಹೆಣ್ಣು ಕುದುರೆಗಳಿಗೆ ಬೇಲಿ ಹಾಕಿದ ಮೇವಿನ ಜಾಗ, ಕೊನೆಗೆ ‘ಎಲ್ಲ ಎಚ್ಚರಿಕೆ ವಹಿಸಲಾಗುವುದು, ಆದರೆ ಯಾವ ಹೊಣೆಯೂ ನಮ್ಮದಲ್ಲ’ ಎಂಬ ಅರ್ಥದ ಒಂದು ಸಾಲು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಮತ್ತು ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’ ತಾಣಗಳಲ್ಲಿ ಇಂಥ ಪ್ರಕಟಣೆಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ನಾಲ್ಕಾರು ವರ್ಷದ ಪ್ರಕಟಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಇದು ವ್ಯಾಪಾರದ ಭಾಷೆಯೆಂಬುದು ತಾನಾಗಿಯೇ ತಿಳಿಯುತ್ತದೆ. ದನದ ಜಾತ್ರೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ಆಮೇಲೂ ದಲ್ಲಾಳಿಯ ಮಾತನ್ನು ಅರ್ಧ ನಂಬುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ವಂಶಾವಳಿಗಳ ದೊಡ್ಡ ಕೊರತೆ ಸುಳ್ಳಲ್ಲ, ತಾಯಿಯ ಕಡೆಯ ಮೌನ. ಯಾವುದೇ ಕುದುರೆಗೆ ಐದನೆಯ ತಲೆಮಾರಿನಲ್ಲಿ 32 ಪೂರ್ವಜರ ಸ್ಥಾನಗಳಿರುತ್ತವೆ. ತಂದೆ, ಅವನ ತಂದೆ ಎಂದು ಹೋಗುವ ಗಂಡು ಸಾಲು ಅವುಗಳಲ್ಲಿ ಒಂದನ್ನು ಮಾತ್ರ ತೋರಿಸುತ್ತದೆ. ತಾಯಿಯ ಬಗ್ಗೆ ‘ಹೆಸರಾಂತ ಹೆಣ್ಣು’ ಎಂಬ ಒಂದು ವಿಶೇಷಣ, ಹೆಚ್ಚೆಂದರೆ ಅವಳ ತಂದೆಯ ಹೆಸರು. ಕಾರಣ ಸರಳವಾದದ್ದು: ಒಂದು ಋತುವಿನಲ್ಲಿ ಹತ್ತಾರು ಮನೆಗಳಿಂದ ಶುಲ್ಕ ತರುವುದು ಗಂಡು, ಹೆಣ್ಣು ಹನ್ನೊಂದು ತಿಂಗಳು ಗಬ್ಬ ಹೊತ್ತು, ನಡುವೆ ನೇಗಿಲನ್ನೂ ಎಳೆದು, ಒಂದು ಮರಿ ಕೊಡುತ್ತದೆ. ಯಾವುದಕ್ಕೆ ಕಾಸು ಹುಟ್ಟುತ್ತದೋ ಅದರ ಚರಿತ್ರೆ ಬರೆದಿಟ್ಟರು.

‘ಕಲಬೆರಕೆಯಿಲ್ಲದ’ ಎಂಬ ಮಾತು ತಳಿಯ ತವರಾದ ಸ್ಕಾಟ್ಲೆಂಡಿಗೂ ಒಪ್ಪುವುದಿಲ್ಲ. ಈ ತಳಿಯ ಆರಂಭವೇ 18ನೆಯ ಶತಮಾನದಲ್ಲಿ ಲ್ಯಾನಾರ್ಕ್‌ಷೈರಿನ ಸ್ಥಳೀಯ ಹೆಣ್ಣುಗಳಿಗೆ ಫ್ಲಾಂಡರ್ಸ್‌ನಿಂದ (ಇಂದಿನ ಬೆಲ್ಜಿಯಂ ಕಡೆಯ ಪ್ರದೇಶ) ತಂದ ಗಂಡುಗಳನ್ನು ಕೊಡಿಸಿದ್ದರಿಂದ ಆಯಿತು. ಮುಂದೆ 1866ರಲ್ಲಿ ಹುಟ್ಟಿದ ಪ್ರಿನ್ಸ್ ಆಫ್ ವೇಲ್ಸ್ 673 ಎಂಬ ಪ್ರಖ್ಯಾತ ಗಂಡಿಗೆ ಅದರ ಯಜಮಾನ ಲಾರೆನ್ಸ್ ಡ್ರೂ ಇಂಗ್ಲೆಂಡಿನಿಂದ ಷೈರ್ ಹೆಣ್ಣುಗಳನ್ನು ಆರಿಸಿ ತಂದು ಕೊಡಿಸಿದ. ಷೈರ್ ಮತ್ತು ಕ್ಲೈಡ್ಸ್‌ಡೇಲ್ ಮೂಲದಲ್ಲಿ ಒಂದೇ ಎಂದು ವಾದಿಸಿದ ಅವನ ಬಣ 1883ರಲ್ಲಿ ಬೇರೆ ಸಂಘವನ್ನೇ ಕಟ್ಟಿಕೊಂಡಿತು. ಆ ಜಗಳ ನಡೆಯುತ್ತಿದ್ದಾಗ ವಸಾಹತಿನ ರೈತ ಕ್ಲೈಡ್ಸ್‌ಡೇಲ್, ಷೈರ್, ಸಫೋಕ್ ಎಂದು ಭೇದವೆಣಿಸದೆ, ಹತ್ತಿರದ ದಾರಿಯಲ್ಲಿ ಬಂದ ಒಳ್ಳೆಯ ಗಂಡಿಗೆ ತನ್ನ ಹೆಣ್ಣನ್ನು ಕೊಡಿಸುತ್ತಿದ್ದ. ನನ್ನನ್ನು ಕೇಳಿದರೆ ಅವನು ಮಾಡಿದ್ದೇ ಸರಿ.

ಹಾಗೆಂದು ಆ ಪ್ರಕಟಣೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಬೇಕೆಂದಲ್ಲ. ಅವು ಊರವರೆಲ್ಲ ಓದುವ ಪತ್ರಿಕೆಯಲ್ಲಿ ಬರುತ್ತಿದ್ದವು, ಎದುರಾಳಿ ಯಜಮಾನನೂ ಓದುತ್ತಿದ್ದ. ಹೇಳಿದ ವಂಶ ಸುಳ್ಳೆಂದು ಕಂಡವರು ಸಂಪಾದಕರಿಗೆ ಪತ್ರ ಬರೆದು ತಕರಾರು ಎತ್ತುವುದೂ ಇತ್ತು. ಓದುಗರ ಪತ್ರಗಳ ಈ ಅಂಕಣಕ್ಕೆ ಅಂಥದೊಂದು ಪೂರ್ವಜರ ಸಾಲು ಇದೆಯೆಂದು ತಿಳಿದಾಗ ನನಗೆ ನಗು ಬಂತು. ಇನ್ನೊಂದು ಮಾತು: ತಾಯಂದಿರ ದಾಖಲೆಯಿಲ್ಲದ ಮಂದೆಗೂ ನಾಲ್ಕು ತಲೆಮಾರು ಎಡೆಬಿಡದೆ ಒಳ್ಳೆಯ ತಳಿಯ ಗಂಡನ್ನೇ ಕೊಡಿಸಿದರೆ 16ರಲ್ಲಿ 15 ಪಾಲು ರಕ್ತ ಆ ತಳಿಯದಾಗುತ್ತದೆ. ಆಸ್ಟ್ರೇಲಿಯಾದ ಕ್ಲೈಡ್ಸ್‌ಡೇಲ್ ನಿಜವಾದ ಕ್ಲೈಡ್ಸ್‌ಡೇಲ್ ಆದದ್ದು ಇಂಥ ಏರಿಕೆಯಿಂದಲೂ ಹೌದು. ‘ಮೊದಲಿನಿಂದಲೂ ಶುದ್ಧ’ ಎನ್ನುವುದಕ್ಕಿಂತ ಅದು ಹೆಚ್ಚು ಹೆಮ್ಮೆಯ ಕಥೆ.

ನಮ್ಮ ಕಡೆಗೂ ಇದರ ಒಂದು ಎಳೆ ಬಂದಿದೆ. ನ್ಯೂ ಸೌತ್ ವೇಲ್ಸ್‌ನಿಂದ ಮದರಾಸಿಗೆ ಬಂದಿಳಿದು, ಬೆಂಗಳೂರಿನ ನೆರೆಯ ಹೊಸೂರಿನ ಸೇನಾ ಕುದುರೆ ಡಿಪೋದ ಮೂಲಕ ದಂಡಿಗೆ ಸೇರುತ್ತಿದ್ದ ‘ವೇಲರ್’ ಕುದುರೆಗಳಲ್ಲಿ ಫಿರಂಗಿ ಎಳೆಯುವಂಥವಕ್ಕೆ ಈ ಭಾರದ ತಳಿಗಳ ರಕ್ತ ಬೆರೆತಿತ್ತು. ಅವುಗಳ ಮೈಮೇಲೆ ಹುಟ್ಟಿದ ಮಂದೆಯ ಸುಟ್ಟ ಗುರುತು ಇರುತ್ತಿತ್ತು, ವಂಶದ ಕಾಗದ ಇರುತ್ತಿರಲಿಲ್ಲ. ಕೊಳ್ಳುವ ಅಧಿಕಾರಿ ನೋಡುತ್ತಿದ್ದದ್ದು ಹಲ್ಲು, ಎತ್ತರ, ಕಾಲು, ಉಸಿರು. ವೈದ್ಯನಾಗಿ ನಾನು ಅವನ ಪಕ್ಷ. ಗೊರಸಿನ ಮೇಲ್ಬದಿಯ ಮೃದ್ವಸ್ಥಿ ಮೂಳೆಯಾಗಿ ಗಟ್ಟಿಯಾಗುವ ದೋಷ ಭಾರದ ತಳಿಗಳಲ್ಲಿ ಹೆಚ್ಚು. ಅಂಥ ದೋಷವುಳ್ಳ ಗಂಡಿನ ಜಾಹೀರಾತಿನಲ್ಲಿಯೂ ಅಜ್ಜನ ಬಹುಮಾನದ ಪಟ್ಟಿ ಉದ್ದವಾಗಿಯೇ ಇರಬಹುದು. ಬ್ರಿಟನ್ನಿನಲ್ಲಿ ಬೀಜದ ಕುದುರೆಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಬರಲು 1918ರವರೆಗೆ ಕಾಯಬೇಕಾಯಿತು.

ಲೇಖನದ ಎರಡನೆಯ ಕಂತು ಮುಂದಿನ ವಾರ ಬರಲಿದೆಯೆಂದು ಪ್ರಕಟಿಸಿದ್ದೀರಿ. ಅದರಲ್ಲಿ ಯಾವುದೇ ಗಂಡು ಕುದುರೆಯನ್ನು ಹೆಸರಿಸುವಾಗ ಅದರ ಸ್ಟಡ್ ಬುಕ್ ಸಂಖ್ಯೆಯನ್ನೂ ಜೊತೆಗೆ ಮುದ್ರಿಸಬೇಕೆಂದು, ಸಂಖ್ಯೆಯಿಲ್ಲದ ಕಡೆ ‘ಜಾಹೀರಾತಿನ ಪ್ರಕಾರ’ ಎಂಬ ಎರಡು ಪದಗಳನ್ನು ಸೇರಿಸಬೇಕೆಂದು ಲೇಖಕರಲ್ಲಿ ಕೋರುತ್ತೇನೆ.

ಇತಿ,
ನಿವೃತ್ತ ಪಶುವೈದ್ಯ,
ತುಮಕೂರು