ಪಾಯಿಂಟ್ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ

ಹಳೆಯ ಅಂಬಾಸಿಡರ್ (1489 ಸಿಸಿ ಪೆಟ್ರೋಲ್) ಇಟ್ಟುಕೊಂಡಿರುವ ಎಲ್ಲ ಸದಸ್ಯರ ಗಮನಕ್ಕೆ.

ಪಿಕಪ್ ಬಿದ್ದುಹೋಗಿದೆ ಎಂದು ಕಾರ್ಬ್ಯುರೇಟರ್ ಬಿಚ್ಚುವ ಮೊದಲು ದಯವಿಟ್ಟು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಮುಚ್ಚಳ ತೆಗೆದು ನೋಡಿ. ಎಂಜಿನ್ ಎರಡು ಸುತ್ತು ತಿರುಗಿದರೆ ಇದರ ಶಾಫ್ಟ್ ಒಂದು ಸುತ್ತು. ಅಷ್ಟರಲ್ಲಿ ಪಾಯಿಂಟ್ (ಕಾಯಿಲ್‌ನ ಕರೆಂಟ್ ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್) ನಾಲ್ಕು ಸಲ ತೆರೆಯುತ್ತದೆ. ಕಾಯಿಲ್‌ನಿಂದ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ಕಿಡಿ ಹುಟ್ಟುವುದು ಪಾಯಿಂಟ್ ತೆರೆದ ಕ್ಷಣದಲ್ಲಿ, ಕೂಡಿದಾಗ ಅಲ್ಲ. ಶಾಫ್ಟ್ ತುದಿಯಲ್ಲಿ ತಿರುಗುವ ರೋಟರ್ ಅದನ್ನು 1-3-4-2 ಕ್ರಮದಲ್ಲಿ ಪ್ಲಗ್‌ಗಳಿಗೆ ಹಂಚುತ್ತದೆ.

ಕ್ಯಾಮ್‌ಗೆ (ಶಾಫ್ಟ್ ಮೇಲಿನ ಉಬ್ಬುಗಳು) ಉಜ್ಜುವ ಪಾಯಿಂಟ್‌ನ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ (ಪಾಯಿಂಟ್ ತೆರೆದಾಗಿನ ಅಂತರ) ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ (ಕಿಡಿ ಬೀಳುವ ಹೊತ್ತು) ಹಿಂದೆ ಬೀಳುತ್ತದೆ. ಅದಕ್ಕೇ ಗ್ಯಾಪ್ ಸರಿಮಾಡದೆ ಟೈಮಿಂಗ್ ಮುಟ್ಟಬೇಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಮ್ಮಡಿ ಕ್ಯಾಮ್‌ನ ತುದಿಗೆ ಬರುವವರೆಗೆ ಎಂಜಿನ್ ಕೈಯಲ್ಲಿ ತಿರುಗಿಸಿ. 0.35ರಿಂದ 0.40 ಮಿ.ಮೀ. ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಹಗುರವಾಗಿ ತಾಗುತ್ತಾ ಜಾರಬೇಕು. ಪಾಯಿಂಟ್‌ನ ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗ ಗ್ಯಾಪ್ ಸರಿಯುವುದು ಮಾಮೂಲು. ಕ್ಯಾಮ್‌ಗೆ ಗ್ರೀಸ್ ಬರೀ ಸವರಿದಷ್ಟು ಸಾಕು, ಹೆಚ್ಚಾದರೆ ಪಾಯಿಂಟ್ ಮೇಲೆ ಸಿಡಿದು ಸುಡುತ್ತದೆ.

ಹೊಸ ಪಾಯಿಂಟ್ ಕೆಲವೇ ದಿನದಲ್ಲಿ ಸುಟ್ಟರೆ ಮೊದಲು ಕಂಡೆನ್ಸರ್ (ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ತಡೆಯುವ ಭಾಗ) ಬದಲಿಸಿ.

ಮಳೆಗಾಲದಲ್ಲಿ ಮಿಸ್ಸಿಂಗ್ (ಎಂಜಿನ್ ನಡುನಡುವೆ ಕಿಡಿ ತಪ್ಪಿ ಮುಗ್ಗರಿಸುವುದು) ಬಂದರೆ ಮುಚ್ಚಳದ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ. ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲೇ ಸೋರುತ್ತಿದೆ ಎಂದರ್ಥ. ಒರೆಸಿ ಪ್ರಯೋಜನವಿಲ್ಲ, ಮುಚ್ಚಳವನ್ನೇ ಬದಲಿಸಿ. ಬರೀ ತೇವವಾದರೆ ಒಣಬಟ್ಟೆ ಸಾಕು.

ಎಂಜಿನ್ ನಿಂತಿರುವಾಗ ಕೀ ಆನ್‌ನಲ್ಲಿ ಬಿಡಬೇಡಿ. ಪಾಯಿಂಟ್ ಕೂಡಿದ್ದರೆ ಕಾಯಿಲ್ ಕಾದು ಹಾಳಾಗುತ್ತದೆ.