ಕೀಲಿ ಕೊಡುವ ಮುಂಚೆ: ಮಗಳಿಗೊಂದು ಪತ್ರ

ಹಾಸನ

ಪ್ರೀತಿಯ ಪುಟ್ಟಿ,

ಬಾಡಿಗೆ ಮನೆ ಬಿಡುವ ಮುಂಚೆ ಉಜ್ಜಿ ತೊಳೆ ಅಂದಿದ್ದಕ್ಕೆ ನಿನ್ನೆ ಫೋನಿನಲ್ಲಿ "ಅಪ್ಪಾ, ಹೇಗೂ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ತಾರೆ, ಮತ್ತೆ ನಾನ್ಯಾಕೆ ಉಜ್ಜಲಿ?" ಅಂದೆಯಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಸ್ವಲ್ಪ ಉದ್ದ. ಫೋನಿನಲ್ಲಿ ಹೇಳೋಣ ಅಂದರೆ ನಿನ್ನ ಅಮ್ಮ ಎರಡು ಮಾತಿಗೊಮ್ಮೆ ಬಾಯಿ ಹಾಕುತ್ತಾಳೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಆ ಅಗ್ರಿಮೆಂಟ್ ಹುಡುಕಿ ತೆಗೆ. ಹನ್ನೊಂದು ತಿಂಗಳದ್ದು, ಸ್ಟಾಂಪ್ ಪೇಪರ್ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ್ದು. ಸಹಿ ಹಾಕುವಾಗ ನೀನು ಓದಿರುವುದಿಲ್ಲ, ಯಾರೂ ಓದುವುದಿಲ್ಲ. ಅದರಲ್ಲಿ ಪೇಂಟಿಂಗ್ ಬಗ್ಗೆ ಒಂದು ಸಾಲು ಇದ್ದೇ ಇರುತ್ತದೆ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆ ಅಂತ ಹಿಡಿದುಕೊಳ್ಳುವುದು ಬೆಂಗಳೂರಿನ ರೂಢಿ. ಗೋಡೆ ಎಷ್ಟೇ ಚೆನ್ನಾಗಿರಲಿ, ಆ ದುಡ್ಡು ಹೋಯಿತು ಅಂತಲೇ ತಿಳಿದುಕೋ. ಹಾಗಾಗಿ ಗೋಡೆಗೆ ಬೆವರು ಸುರಿಸಬೇಡ. ಆದರೆ ಬಣ್ಣದ ದುಡ್ಡು ಹಿಡಿದ ಮೇಲೆ "ಕ್ಲೀನಿಂಗ್ ಚಾರ್ಜ್" ಅಂತ ಮತ್ತೊಂದು ಸಾಲು ಸೇರಿಸುವವರಿದ್ದಾರೆ. ಅದಕ್ಕೆ ಜಾಗ ಕೊಡಬಾರದು. ಅಡುಗೆಮನೆ, ಬಚ್ಚಲು ಎರಡೂ ಚೊಕ್ಕವಾಗಿದ್ದರೆ ಅವರಿಗೆ ಮಾತೇ ಇರುವುದಿಲ್ಲ.

ಮನೆ ಬಿಡುವವರಿಗೆ ಒಂದು ವಿಷಯ ಗೊತ್ತಿರಬೇಕು. ಕೊಳೆ ನಮ್ಮದು, ಸವೆತ ಮನೆಯದು. ಇದು ನಾನು ಕಟ್ಟಿದ ಮಾತಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಇರುವುದೇ ಇದು. ಬಾಡಿಗೆದಾರ ತಾನು ಬಂದಾಗ ಮನೆ ಹೇಗಿತ್ತೋ ಹಾಗೇ ಒಪ್ಪಿಸಬೇಕು. ಆದರೆ ಸಹಜ ಬಳಕೆಯಿಂದ ಆದ ಸವೆತಕ್ಕೆ ಅವನು ಹೊಣೆಯಲ್ಲ. ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅದಕ್ಕೇ ಓದು ಅಂದಿದ್ದು.

ಅರಸೀಕೆರೆಯ ಮನೆ ಬಿಡುವಾಗ ನೀನಿನ್ನೂ ಹುಟ್ಟಿರಲಿಲ್ಲ. ಬ್ಯಾಂಕಿನವರು ಸಾಗರಕ್ಕೆ ವರ್ಗ ಮಾಡಿದ್ದರು. ಕೀಲಿ ಕೊಡಲು ಹೋದರೆ ಮಾಲೀಕರು ನಡುಮನೆಯ ಕೆಂಪು ನೆಲ ತೋರಿಸಿ, ಓಡಾಡಿ ಓಡಾಡಿ ಬಣ್ಣ ಹೋಗಿದೆ, ಖರ್ಚು ಕೊಡಿ ಅಂದರು. "ನೆಲದ ಮೇಲೆ ನಡೆಯದೆ ಹಾರಾಡಬೇಕಿತ್ತಾ?" ಅಂತ ನಿನ್ನ ಅಮ್ಮ ಕೇಳಿದಳು. ನಾನು ಬ್ಯಾಂಕಿನ ವಕೀಲರನ್ನು ವಿಚಾರಿಸಿ, ಈ ಕಲಮನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ ಹೇಳಿದೆ. ಅವರಿಗೆ ಕಾನೂನು ನಾಟಿತೋ, ಅಮ್ಮನ ಪ್ರಶ್ನೆ ನಾಟಿತೋ, ಅರ್ಧ ದುಡ್ಡು ಬಿಟ್ಟರು. ಇನ್ನರ್ಧ ಅವರ ಹತ್ತಿರವೇ ಉಳಿಯಿತು.

ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿ ಜಾರಿಗೆ ತಂದರೆ ಉಂಟು. ಬೆಂಗಳೂರಿನ ಓನರ್‌ಗಳು ಹತ್ತು ತಿಂಗಳ ಅಡ್ವಾನ್ಸ್ ಕಂಡವರು. ಅವರ ಮುಂದೆ ಈ ಮಾತು ಎತ್ತಬೇಡ.

ಈಗ ಕೆಲಸಕ್ಕೆ ಬರೋಣ.

ಸಾಮಾನು ಇರುವಾಗ ಶುಚಿ ಮಾಡಲು ಹೋಗಬೇಡ, ವ್ಯರ್ಥ. ಲಾರಿ ಹೋದ ಮೇಲೆ ಒಂದು ಇಡೀ ದಿನ ಕೈಯಲ್ಲಿ ಇಟ್ಟುಕೋ. ಬೀರು ಸರಿಸಿದಾಗ ಹಿಂದೆ ಏನೇನು ಇದೆ ಅಂತ ಆಗಲೇ ಗೊತ್ತಾಗುವುದು. ಒಂದು ಬಕೆಟ್, ಮಗ್ಗು, ಪೊರಕೆ, ಹಳೆಯ ಬನಿಯನ್ನು, ಟವೆಲ್ಲು, ಉಜ್ಜುವ ನಾರು, ಹಳೆಯ ಟೂತ್ ಬ್ರಷ್ ಇಷ್ಟನ್ನು ಲಾರಿಗೆ ಹಾಕದೆ ಬಾಗಿಲ ಹಿಂದೆ ಇಡು. ಪ್ಯಾಕರ್ಸ್‌ನವರು ಕಣ್ಣಿಗೆ ಬಿದ್ದದ್ದನ್ನೆಲ್ಲ ಕಟ್ಟುತ್ತಾರೆ, ಕಸದ ಡಬ್ಬಿಯನ್ನು ಕಸದ ಸಮೇತ ಕಟ್ಟಿದ್ದನ್ನು ನಾನು ನೋಡಿದ್ದೇನೆ. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಆಫ್ ಮಾಡಿ ಬಾಗಿಲು ತೆರೆದಿಡು, ಕೆಳಗೆ ಬಟ್ಟೆ ಹಾಸು. ಇಲ್ಲದಿದ್ದರೆ ಐಸು ಲಾರಿಯಲ್ಲಿ ಕರಗಿ ನಿನ್ನ ಹಾಸಿಗೆಗೆ ಇಳಿಯುತ್ತದೆ.

ಮೇಲಿಂದ ಕೆಳಗೆ ಬಾ. ಅಟ್ಟ, ಫ್ಯಾನು, ಜೇಡರ ಬಲೆ, ಟ್ಯೂಬ್‌ಲೈಟು, ಕಿಟಕಿ, ಕೊನೆಗೆ ನೆಲ. ಎಲ್ಲರಿಗೂ ಪೊರಕೆ ಹಿಡಿದ ಕೂಡಲೇ ನೆಲ ಗುಡಿಸುವ ಚಟ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಕವರ್ ತೊಡಿಸಿ ಎಳೆದರೆ ಧೂಳೆಲ್ಲ ಕವರಿನ ಒಳಗೇ ಬೀಳುತ್ತದೆ, ನಿನ್ನ ತಲೆ ಮೇಲೆ ಅಲ್ಲ. ಕಿಟಕಿಯ ಸೊಳ್ಳೆ ಪರದೆ ಬಿಚ್ಚಲು ಬಂದರೆ ಬಿಚ್ಚಿ ಬಚ್ಚಲಲ್ಲಿ ತೊಳೆ. ಹೊರಗಿನ ಗಾಜಿಗೆ ಮಾತ್ರ ಕೈ ಹಾಕಬೇಡ. ಮೂರನೇ ಮಹಡಿ ಅದು. ಗ್ರಿಲ್ ಒಳಗಿಂದ ಕೈ ಎಷ್ಟು ದೂರ ಹೋಗುತ್ತದೋ ಅಷ್ಟು ಸಾಕು.

ಅಡುಗೆಮನೆಗೆ ಅರ್ಧ ದಿನ ಬೇಕು. ಒಗ್ಗರಣೆಯ ಹೊಗೆ ಎಣ್ಣೆ ಹೊತ್ತುಕೊಂಡು ಹೋಗಿ ಎಕ್ಸಾಸ್ಟ್ ಫ್ಯಾನಿನ ಮೇಲೆ, ಸ್ವಿಚ್ ಬೋರ್ಡಿನ ಸುತ್ತ, ಒಲೆ ಹಿಂದಿನ ಟೈಲ್ಸ್ ಮೇಲೆ ಕೂರುತ್ತದೆ. ಅದರ ಮೇಲೆ ಧೂಳು ಬಂದು ಅಂಟುತ್ತದೆ. ಈ ಜಿಡ್ಡಿಗೆ ಬಿಸಿನೀರು ಮತ್ತು ಬಟ್ಟೆ ಸೋಡಾ. ಅಡುಗೆ ಸೋಡಾ ಅಲ್ಲ, ಅದರ ಶಕ್ತಿ ಸಾಲದು. ಸೋಡಾ ಕ್ಷಾರ, ಅದು ಎಣ್ಣೆಯನ್ನು ಒಂದಿಷ್ಟು ಸೋಪಾಗಿಯೇ ಮಾಡಿಬಿಡುತ್ತದೆ. ಆಮೇಲೆ ನೀರಿಗೆ ಬಿಟ್ಟುಕೊಳ್ಳುತ್ತದೆ. ನೀರು ಹಾಕಿ ಹತ್ತು ನಿಮಿಷ ಸುಮ್ನೆ ಬಿಡು. ಉಜ್ಜುವುದಕ್ಕಿಂತ ಕಾಯುವುದು ಮೇಲು. ಕೈಗೆ ಗ್ಲೌಸ್ ಹಾಕಿಕೋ, ಚರ್ಮ ಒಡೆಯುತ್ತದೆ. ಆದರೆ ಚಿಮಣಿಯ ಜಾಲರಿ ಅಲ್ಯೂಮಿನಿಯಂನದಾಗಿದ್ದರೆ ಸೋಡಾ ತಗುಲಿಸಬೇಡ, ಕಪ್ಪಾಗುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಸೋಪು, ಬಿಸಿನೀರು ಸಾಕು.

ಅಡುಗೆ ಕಟ್ಟೆಯ ಅರಿಶಿನದ ಕಲೆಗೆ ಸೋಡಾ ಬಿದ್ದರೆ ತಟ್ಟನೆ ಕೆಂಪಾಗುತ್ತದೆ. ಗಾಬರಿ ಬೀಳಬೇಡ. ಆರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುವುದು ಇದೇ ಗುಣದಿಂದ. ನೀರು ಹಾಕಿ ಚೆನ್ನಾಗಿ ತೊಳೆದರೆ ಮತ್ತೆ ಹಳದಿಗೆ ಬರುತ್ತದೆ. ಆ ಹಳದಿಗೆ ಮದ್ದು ಬಿಸಿಲು. ನಿನ್ನ ಕಟ್ಟೆಗೆ ಕಿಟಕಿಯ ಬಿಸಿಲು ಬೀಳುತ್ತದಲ್ಲ, ಲಾರಿ ಬರುವ ವಾರದ ಮುಂಚೆಯೇ ಅಲ್ಲಿಂದ ಡಬ್ಬಿಗಳನ್ನು ಎತ್ತಿಡು. ಅರ್ಧ ಕೆಲಸ ಬಿಸಿಲೇ ಮಾಡುತ್ತದೆ.

ದೇವರ ಮೂಲೆಯಲ್ಲಿ ದೀಪದ ಮಸಿ ಗೋಡೆಗೆ ಹತ್ತಿರುತ್ತದೆ. ಅದಕ್ಕೆ ಒದ್ದೆ ಬಟ್ಟೆ ಮುಟ್ಟಿಸಿದೆಯೋ, ಮಸಿ ಗೋಡೆಯೆಲ್ಲ ಹರಡಿ ಇನ್ನೂ ಎದ್ದು ಕಾಣುತ್ತದೆ. ಡಿಸ್ಟೆಂಪರ್ ಗೋಡೆಯಾದರೆ ಬಣ್ಣವೂ ಬಟ್ಟೆಗೆ ಬರುತ್ತದೆ. ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನ ಉಂಡೆಯನ್ನು ಮೆಲ್ಲಗೆ ಒತ್ತಿ ಒತ್ತಿ ತೆಗೆ, ಮಸಿ ಅದಕ್ಕೆ ಅಂಟಿಕೊಂಡು ಬರುತ್ತದೆ. ಹಿಟ್ಟನ್ನು ಹೀಗೆ ಹಾಳು ಮಾಡುವುದು ಅಮ್ಮನಿಗೆ ಆಗುವುದಿಲ್ಲ. ಅವಳಿಗೆ ಹೇಳಬೇಡ.

ಬಚ್ಚಲ ವಿಷಯ. ಹೂಡಿಯ ಆ ಮನೆಯಲ್ಲಿ ನೀನು ಬಳಸುವುದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಗಡಸು ನೀರು. ನಲ್ಲಿಯ ಸುತ್ತ, ಶವರಿನ ತೂತುಗಳಲ್ಲಿ ಬೆಳ್ಳಗೆ ಕಟ್ಟಿಕೊಂಡಿರುವುದು ನೀರಿನಲ್ಲಿದ್ದ ಸುಣ್ಣದ ಅಂಶ. ಸೋಪಿಗೆ ಅದು ಜಗ್ಗುವುದಿಲ್ಲ, ಹುಳಿಗೆ ಬಗ್ಗುತ್ತದೆ. ವಿನೆಗರ್‌ನಲ್ಲಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡು. ಶವರಿಗೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು. ಆಮೇಲೆ ಟೂತ್ ಬ್ರಷ್ ಸಾಕು. ಮೂರು ವರ್ಷದ ಪದರ, ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ ಮಾಡು.

ಅಂಗಡಿಯವನು ಆಸಿಡ್ ಬಾಟಲಿ ಕೊಡುತ್ತಾನೆ, ಎರಡು ನಿಮಿಷದಲ್ಲಿ ಫಳಫಳ ಅಂತಾನೆ. ಫಳಫಳ ಆಗುವುದೂ ನಿಜ. ಆದರೆ ಅದು ಟೈಲ್ಸ್ ಸಂದಿಯ ಸಿಮೆಂಟನ್ನು ತಿನ್ನುತ್ತದೆ, ನಲ್ಲಿಯ ಹೊಳಪನ್ನೂ ತಿನ್ನುತ್ತದೆ. ಮಾರ್ಬಲ್ ಮೇಲೆ ಬಿದ್ದರೆ ಹೊಳಪು ಹೋಗಿ ಅಲ್ಲೇ ಮಂಕು ಮಚ್ಚೆ. ನಿನ್ನ ಹಾಲಿನ ನೆಲ ಮಾರ್ಬಲ್, ಹಾಗಾಗಿ ಅಲ್ಲಿಗೆ ವಿನೆಗರ್ ಕೂಡ ಬೇಡ, ನಿಂಬೆಹಣ್ಣೂ ಬೇಡ. ಕೊಳೆ ತೆಗೆಯಲು ಹೋಗಿ ಕಲ್ಲು ಕೆಡಿಸಿದರೆ ಅದು ಸವೆತದ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮಾತು, ಇದನ್ನು ಎರಡು ಸಲ ಓದು. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಸೇರಬಾರದು. ಕಮೋಡಿಗೆ ಒಂದನ್ನು ಸುರಿದು, ಹೋಗಲಿಲ್ಲ ಅಂತ ಅದರ ಮೇಲೆ ಇನ್ನೊಂದನ್ನು ಹಾಕುತ್ತಾರೆ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲ. ಅಷ್ಟು ಚಿಕ್ಕ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಈ ಕೆಲಸ ಮಾಡಿದರೆ ಎದೆ ಹಿಡಿದುಕೊಳ್ಳುತ್ತದೆ. ಕಮೋಡ್ ತೊಳೆಯುವ ನೀಲಿ ಬಾಟಲಿಯಲ್ಲೂ ಆಸಿಡ್ ಇರುತ್ತದೆ. ಆ ದಿನಕ್ಕೆ ಯಾವುದಾದರೂ ಒಂದನ್ನು ಮಾತ್ರ ಇಟ್ಟುಕೋ.

ನೀರು ಹೋಗುವ ಜಾಲರಿ ಎತ್ತಿ ಕೂದಲು ತೆಗೆ. ಅದು ನಿನ್ನದೇ, ಅನುಮಾನ ಬೇಡ. ಅಷ್ಟು ಉದ್ದ ಕೂದಲು ನಮ್ಮ ವಂಶದಲ್ಲಿ ಇನ್ಯಾರಿಗೂ ಇಲ್ಲ.

ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಒಣಗಿ ಗಟ್ಟಿಯಾಗಿರುತ್ತದೆ. ಒಣಗಿದ್ದನ್ನು ಗುಡಿಸಬೇಡ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಚೆಲ್ಲಿ ನೆನೆಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಕೆರೆ. ಕೋಣೆಗಳಲ್ಲಿ ದೊಡ್ಡ ಕೆಲಸ ಏನಿಲ್ಲ. ಕಪಾಟಿಗೆ ಅಂಟಿಸಿದ ಸ್ಟಿಕ್ಕರ್‌ಗಳಿಗೆ ನಿನ್ನ ಹೇರ್ ಡ್ರೈಯರ್ ಹಿಡಿ, ಅಂಟು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಮೊಳೆ ಕಿತ್ತ ತೂತಿಗೆ ವಾಲ್ ಪುಟ್ಟಿ ತುಂಬಿ ಒಣಗಿದ ಮೇಲೆ ಉಜ್ಜು. ಆದರೆ ಅದರ ಮೇಲೆ ಬಣ್ಣ ಬಳಿಯಲು ಹೋಗಬೇಡ, ಹಳೆಯ ಗೋಡೆಗೆ ಹೊಸ ಬಣ್ಣ ಹೊಂದುವುದಿಲ್ಲ, ತೇಪೆ ಹಾಕಿದ ಹಾಗೆ ಕಾಣುತ್ತದೆ. ನೀನು ದುಡ್ಡು ಕೊಟ್ಟು ಹಾಕಿಸಿದ ಫ್ಯಾನು, ಗೋಡೆಯ ಶೆಲ್ಫು ನಿನ್ನವೇ. ಬಿಚ್ಚಿಕೊಂಡು ಬರಬಹುದು. ಆ ಜಾಗ ಮೊದಲಿನ ಹಾಗೆ ಇರಬೇಕು, ಅಷ್ಟೇ.

ಕ್ಲೀನಿಂಗ್‌ನವರನ್ನು ಕರೆಸಬಾರದು ಅಂತ ನಾನು ಹೇಳುತ್ತಿಲ್ಲ. ನಾಲ್ಕು ಜನ ಮೆಷಿನ್ ಹಿಡಿದು ಬಂದರೆ ಕೆಲಸ ಬೇಗ ಆಗುತ್ತದೆ. ಆದರೆ ಅವರಿಗೆ ಮುಂದಿನ ಮನೆಗೆ ಓಡುವ ಆತುರ, ಆಸಿಡ್ ಎತ್ತಲು ಯೋಚನೆ ಮಾಡುವುದಿಲ್ಲ. ಕರೆಸಿದರೂ ನೀನು ಪಕ್ಕದಲ್ಲಿ ನಿಂತಿರು. ಇಲ್ಲದಿದ್ದರೆ ಮನೆಕೆಲಸದ ಆಂಟಿಯನ್ನೇ ಒಂದು ದಿನಕ್ಕೆ ಕೇಳು. ಮೂರು ವರ್ಷ ಆ ಮನೆ ಗುಡಿಸಿದವರು ಅವರು, ಯಾವ ಮೂಲೆಯಲ್ಲಿ ಏನಿದೆ ಅಂತ ನಿನಗಿಂತ ಚೆನ್ನಾಗಿ ಗೊತ್ತು. ಆ ದಿನದ ಕೂಲಿ ಬೇರೆ ಕೊಡು. ತಿಂಗಳ ಸಂಬಳದಲ್ಲಿ ಸೇರಿಸಬೇಡ. ಬಿಟ್ಟುಬರುವ ಬಕೆಟ್ಟು, ಕುರ್ಚಿ ಕೊಡುವುದು ಕೂಲಿ ಅಲ್ಲ.

ಎಲ್ಲ ಮುಗಿದ ಮೇಲೆ, ಬೆಳಕಿರುವಾಗಲೇ, ಒಂದೊಂದು ಕೋಣೆಯ ವಿಡಿಯೋ ತೆಗೆ. ನಲ್ಲಿ ತಿರುಗಿಸಿ ನೀರು ಬರುವುದನ್ನೂ, ಗೀಸರ್ ದೀಪ ಹತ್ತುವುದನ್ನೂ ತೋರಿಸು. ಕರೆಂಟ್ ಮೀಟರಿನ ರೀಡಿಂಗ್ ಫೋಟೋ ಇರಲಿ, ಬೆಸ್ಕಾಂ ಬಿಲ್ ಆ ದಿನದವರೆಗೆ ಲೆಕ್ಕ ಹಾಕಿ ತೀರಿಸು. ಗೃಹಜ್ಯೋತಿಯ ಉಚಿತ ಕರೆಂಟಿಗೆ ಅಂತ ಆ ಮನೆಯ ಆರ್.ಆರ್. ನಂಬರಿಗೆ (ಬಿಲ್ಲಿನ ಮೇಲಿರುವ ಸಂಪರ್ಕದ ನಂಬರು) ನಿನ್ನ ಆಧಾರ್ ಜೋಡಿಸಿದ್ದೀಯಲ್ಲ, ಸೇವಾ ಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಬೇಕು. ಆಮೇಲೇ ಬನಶಂಕರಿಯ ಮನೆಗೆ ಹೊಸದಾಗಿ ಅರ್ಜಿ. ಓನರ್ ಆಂಟಿಯನ್ನು ಮನೆಗೇ ಕರೆದು, ಎಲ್ಲ ತೋರಿಸಿ ಕೀಲಿ ಕೊಡು. ಸೆಕ್ಯುರಿಟಿಯವರ ಕೈಯಲ್ಲಿ ಕೊಟ್ಟು ಬರಬೇಡ. ಅಡ್ವಾನ್ಸ್ ಯಾವತ್ತು ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೋ.

ಅಮ್ಮನ ಮಾತೂ ಹೇಳಬೇಕಲ್ಲ, ಪಕ್ಕದಲ್ಲೇ ನಿಂತಿದ್ದಾಳೆ. ಆಷಾಢ ಹಿಡಿಯುವ ಮುಂಚೆ ಹೊಸ ಮನೆಯಲ್ಲಿ ಹಾಲು ಉಕ್ಕಬೇಕಂತೆ. (ಆಷಾಢದಲ್ಲಿ ಮನೆ ಕೇಳುವವರು ಕಡಿಮೆ, ಬಾಡಿಗೆ ಚೌಕಾಸಿ ಮಾಡಲು ಅದೇ ಒಳ್ಳೆಯ ಕಾಲ ಅಂತ ನಾನು ಹೇಳಿ ಬೈಸಿಕೊಂಡೆ.) ಹೊಸಿಲಿನ ಅರಿಶಿನ ಕುಂಕುಮ ತೊಳೆದ ಮೇಲೆ ಹೊಸದಾಗಿ ಇಟ್ಟು ಬರಬೇಕಂತೆ, ಬೋಳು ಹೊಸಿಲು ಬಿಟ್ಟು ಬರಬಾರದಂತೆ. ಹಳೆಯ ಪೊರಕೆ ಹೊಸ ಮನೆಗೆ ಬೇಡವಂತೆ. ಹೊಸದು ಕೊಂಡಿಟ್ಟಿದ್ದಾಳೆ, ನನ್ನ ಕೈಯಲ್ಲಿ ಕಳಿಸುತ್ತಾಳೆ.

ಹೌದು, ನಾನೂ ಬರುತ್ತಿದ್ದೇನೆ. ಶನಿವಾರ ಬೆಳಗಿನ ಬಸ್ಸು. ಎಕ್ಸಾಸ್ಟ್ ಫ್ಯಾನಿನ ಪ್ಲಗ್ ಕಿತ್ತು ಬಿಚ್ಚಿಡು, ಅದನ್ನು ನಾನು ತೊಳೆಯುತ್ತೇನೆ. ಅಟ್ಟ ಮಾತ್ರ ನಿನ್ನದು, ಈ ಮಂಡಿ ಇಟ್ಟುಕೊಂಡು ಏಣಿ ಹತ್ತಲು ನನ್ನಿಂದ ಆಗುವುದಿಲ್ಲ. ಬಟ್ಟೆ ಸೋಡಾ ಇಲ್ಲಿಂದಲೇ ತರುತ್ತೇನೆ. ವಿನೆಗರ್ ಎರಡು ಬಾಟಲಿ ನೀನು ತಂದಿಡು, ಒಂದು ಸಾಲುವುದಿಲ್ಲ.

ಇಂತಿ,
ನಿನ್ನ ಅಪ್ಪ

ಅಟ್ಟದಲ್ಲಿ ಅಮ್ಮನ ಸ್ಟೀಲ್ ಡಬ್ಬಿಗಳು ಇವೆಯಂತೆ, ಮುಚ್ಚಳದ ಸಮೇತ ನಾಲ್ಕು. ಯಾರಿಗೂ ಕೊಡಬೇಡ.