ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ: ಬೆಳಕಿನ ಚಿಕಿತ್ಸೆ ಸಂಜೆ ಹೊತ್ತೂ ಸಿಗಲಿ

ಮಾನ್ಯ ಆರೋಗ್ಯ ಸಚಿವರೇ,

ನನಗೆ ಸೋರಿಯಾಸಿಸ್ ಬಂದು 11 ವರ್ಷವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಹಾಸಿಗೆ ಕೊಡವುವುದು. ರಾತ್ರಿಯೆಲ್ಲಾ ಮೊಣಕೈ, ಮೊಣಕಾಲು, ತಲೆಯಿಂದ ಉದುರಿದ ಬಿಳಿ ಹೊಟ್ಟು ಅಲ್ಲಿ ಬಿದ್ದಿರುತ್ತದೆ. ಮನೆಯವರು ಏಳುವ ಮೊದಲೇ ಗುಡಿಸಿಬಿಡುತ್ತೇನೆ. ಅವರು ಯಾವತ್ತೂ ಏನೂ ಅಂದವರಲ್ಲ. ಆದರೂ ಗುಡಿಸುತ್ತೇನೆ.

ಇದು ಅಂಟುರೋಗ ಅಲ್ಲ. ಕೊಳಕಿನಿಂದ ಬರುವುದೂ ಅಲ್ಲ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಚರ್ಮವನ್ನು ಕೆರಳಿಸುತ್ತದೆ. ಸುಮಾರು ಒಂದು ತಿಂಗಳು ತೆಗೆದುಕೊಂಡು ಮೇಲೆ ಬರಬೇಕಾದ ಚರ್ಮದ ಕೋಶಗಳು 3ರಿಂದ 5 ದಿನಕ್ಕೇ ಬಂದು ರಾಶಿ ಬೀಳುತ್ತವೆ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ, ಹತೋಟಿಯಲ್ಲಿ ಇಡಬಹುದು ಅಷ್ಟೆ. 2014ರಲ್ಲಿ ವಿಶ್ವ ಆರೋಗ್ಯ ಸಭೆಯೇ ಇದನ್ನು ಗಂಭೀರ ಕಾಯಿಲೆ ಎಂದು ಒಪ್ಪಿ ನಿರ್ಣಯ ಮಾಡಿತು. ನಿಮ್ಮಂಥ ಸಚಿವರೇ ಕೂರುವ ಸಭೆ ಅದು.

ಹತೋಟಿಗೆ ಇರುವ ದಾರಿಗಳಲ್ಲಿ ಒಂದು ಬೆಳಕು. ಆಳೆತ್ತರದ ಪೆಟ್ಟಿಗೆ, ಸುತ್ತಲೂ ಟ್ಯೂಬ್‌ಲೈಟುಗಳು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ನಿಲ್ಲಬೇಕು. ಬಾಗಿಲು ಮುಚ್ಚುತ್ತದೆ, ಫ್ಯಾನ್ ಗುಂಯ್ ಅನ್ನುತ್ತದೆ, ಮೈಗೆಲ್ಲಾ ನೀಲಿ ಬೆಳಕು ಬೀಳುತ್ತದೆ. ಮೊದಮೊದಲು ಕೆಲವೇ ಸೆಕೆಂಡು. ಆಮೇಲೆ ಪ್ರತಿ ಸಲ ಒಂದಿಷ್ಟು ಜಾಸ್ತಿ. ವಾರಕ್ಕೆ 3 ಸಲದಂತೆ 20–30 ಸಲ ನಿಂತರೆ ಎಷ್ಟೋ ಜನರ ಮೈ ತಿಳಿಯಾಗುತ್ತದೆ. ಆದರೆ ತಪ್ಪಿಸಬಾರದು. ಒಂದೆರಡು ವಾರ ತಪ್ಪಿದರೆ ಚರ್ಮ ಸುಟ್ಟೀತೆಂದು ಬೆಳಕನ್ನು ಮತ್ತೆ ಇಳಿಸಬೇಕಾಗುತ್ತದೆ. ಇನ್ನೂ ಜಾಸ್ತಿ ತಪ್ಪಿದರೆ ಮೊದಲಿನಿಂದ ಶುರು.

ನಾನು ಮೂರು ಸಲ ಮೊದಲಿನಿಂದ ಶುರು ಮಾಡಿದ್ದೇನೆ. ನಾನು ಹೋಗುವ ಸರ್ಕಾರಿ ಆಸ್ಪತ್ರೆಯಲ್ಲಿ ಆ ಪೆಟ್ಟಿಗೆ ನಡೆಯುವುದು ಬೆಳಿಗ್ಗೆ 10ರಿಂದ 12ರವರೆಗೆ ಮಾತ್ರ. ಎರಡು ನಿಮಿಷದ ಬೆಳಕಿಗೆ ಅರ್ಧ ದಿನದ ರಜೆ, ವಾರಕ್ಕೆ ಮೂರು ಸಲ. ಯಾರು ಕೊಡ್ತಾರೆ ಹೇಳಿ? ಪ್ರತಿ ಸಲವೂ ಕೆಂಪು ಇಳಿದು ಮೊಣಕೈ ನುಣುಪಾಗುವ ಹೊತ್ತಿಗೇ ರಜೆ ಮುಗಿದಿತ್ತು.

ಮಾತ್ರೆ ಇದೆಯಲ್ಲ ಎನ್ನಬಹುದು. ಇದೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ರಕ್ತ, ಲಿವರ್ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಗರ್ಭಿಣಿಯರಿಗಂತೂ ಕೊಡುವಂತೆಯೇ ಇಲ್ಲ. ಆದರೆ ಈ ಬೆಳಕನ್ನು ಅವರಿಗೂ ಕೊಡಬಹುದು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದ ಹೆಣ್ಣುಮಗಳು ಏಳು ತಿಂಗಳ ಬಸುರಿ. ಸೆಖೆಯಲ್ಲೂ ತುಂಬು ತೋಳಿನ ರವಿಕೆ. ತೋಳು ಮಡಚಿ ಅಂಗೈ ಅಗಲದ ಕಲೆ ತೋರಿಸಿ, "ನಾಳೆಯಿಂದ ಬರಕ್ಕಾಗಲ್ಲ ಅಕ್ಕಾ, ಕೆಲಸ ಬಿಡಿಸ್ತಾರೆ" ಅಂದಳು. ಮತ್ತೆ ಬರಲೇ ಇಲ್ಲ.

ಸರ್, ಹೊಸ ಕಟ್ಟಡ ಕೇಳುತ್ತಿಲ್ಲ. ಪೆಟ್ಟಿಗೆ ಇರುವ ಕಡೆಯಲ್ಲೆಲ್ಲಾ ವಾರಕ್ಕೆ 3 ದಿನ ಸಂಜೆ 5ರಿಂದ 8ರವರೆಗೆ ಅದನ್ನು ನಡೆಸಿ. ಅದಕ್ಕೆ ತರಬೇತಿ ಇರುವ ಒಬ್ಬ ನರ್ಸ್ ಕೊಡಿ. ಪೆಟ್ಟಿಗೆ ಇಲ್ಲದ ಆಸ್ಪತ್ರೆಗಳಿಗೆ ಯಾವಾಗ ಬರುತ್ತದೆ ಎಂದು ತಿಳಿಸಿ. ನಾಲ್ಕನೇ ಸಲ ಶುರು ಮಾಡಲು ನಾನು ತಯಾರಿದ್ದೇನೆ.

ಇಂತಿ,
ನಿಮ್ಮ ಉತ್ತರಕ್ಕೆ ಕಾಯುತ್ತಿರುವ ಒಬ್ಬ ರೋಗಿ